ಹುಡುಗರ ಸಾಲಿನ ನಾಲ್ಕನೆಯ ಮೂರ್ತಿ

ಆಗಸ್ಟ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ನಾನೂ ನನ್ನ ಮಗಳು ಹೆಟ್ಟಿಯೂ ಹಿತ್ತಲಲ್ಲಿ ದುಪ್ಪಟಿ ಹಿಂಡುತ್ತಿದ್ದೆವು. ಅವಳ ಕೈಯಲ್ಲಿ ಒಂದು ತುದಿ, ನನ್ನ ಕೈಯಲ್ಲಿ ಇನ್ನೊಂದು. ನಡುವೆ ದುಪ್ಪಟಿ ಹಗ್ಗದ ಹಾಗೆ ಹುರಿಗಟ್ಟಿ, ನೀರು ಇಬ್ಬರ ಚಪ್ಪಲಿಗೂ ಇಳಿಯುತ್ತಿತ್ತು. ಆಗ ಬೇಲಿಯಾಚೆ ಪಕ್ಕದ ಮನೆಯ ಮಿಸೆಸ್ ಆಲ್ಡರ್ಟನ್ ಅವರ ತಲೆ ಕಾಣಿಸಿಕೊಂಡಿತು.

"ಎನಿಡ್! ಬಸ್ಸು ಬಂದ್ಬಿಟ್ಟಿದೆ ಕಣೇ!"

"ಹನ್ನೊಂದು ಗಂಟೆಗಲ್ವಾ ಬರೋದು?"

"ಡ್ರೈವರ್‌ಗೆ ದಾರಿ ತಪ್ಪಲಿಲ್ವಂತೆ. ಸ್ಕಾರ್ತ್‌ಬಿಗೆ ದಾರಿ ತಪ್ಪದೆ ಯಾರಾದ್ರೂ ಬಂದಿದ್ದು ಇದೇ ಮೊದಲು. ಅಲ್ಲಿ ನೋಡಿದ್ರೆ ದೊಡ್ಡಮನೆ ಮಿಸ್ ಗ್ರೀವ್ಸ್‌ಗೆ ಮಂಡಿ ಹಿಡ್ಕೊಂಡಿದೆ. ಮೆಟ್ಟಿಲು ಹತ್ತೋಕಾಗಲ್ಲ, ಎನಿಡ್ ಬಂದು ದೊಡ್ಡಮನೆ ತೋರಿಸ್ಲಿ ಅಂತ ಹೇಳಿ ಕಳಿಸಿದಾರೆ. ಮೂವತ್ತೆರಡು ಜನ!"

"ನಾನಾ? ನಾನು ಆ ಮನೆ ಒರೆಸಿದವಳು, ತೋರಿಸಿದವಳಲ್ಲ."

"ಒರೆಸಿದವರಿಗೆ ಗೊತ್ತಿರೋಷ್ಟು ಇನ್ಯಾರಿಗೆ ಗೊತ್ತಿರುತ್ತೆ? ಏಪ್ರನ್ ಬಿಚ್ಚು, ನಡಿ ನಡಿ."

ಹೆಟ್ಟಿ ದುಪ್ಪಟಿಯ ತುದಿಯನ್ನು ಕೈಬಿಡದೆ ಬೇಲಿಯ ಹತ್ತಿರ ಬಂದಳು. "ಮಿಸೆಸ್ ಆಲ್ಡರ್ಟನ್, ಡಾಕ್ಟರ್ ಕ್ರೆಸ್‌ವೆಲ್ ಬಂದಿದಾರಾ?"

"ಬಂದಿದಾರೆ ಪುಟ್ಟಿ. ಉದ್ದನೆ ಹೆಂಗಸು, ಕೈಯಲ್ಲೊಂದು ಟಾರ್ಚು. ಹಾಡಹಗಲಲ್ಲಿ ಟಾರ್ಚು!"

ಹೆಟ್ಟಿ ನನ್ನ ಮುಖ ನೋಡಿದಳು. ಮದ್ದು ಕೊಡುವ ಡಾಕ್ಟರಲ್ಲ, ಬಸ್ಸಿನವರಿಗೆ ಹಳೆಯ ಕಟ್ಟಡಗಳ ಕತೆ ಹೇಳುವ ಇತಿಹಾಸದ ಡಾಕ್ಟರು. ಅವರನ್ನು ಹೆಟ್ಟಿ ಒಂದು ಪ್ರಶ್ನೆ ಕೇಳಬೇಕಿತ್ತು. ಈಸ್ಟರ್ ಹಬ್ಬದಿಂದ ಆ ಪ್ರಶ್ನೆಯನ್ನು ಬಾಯೊಳಗೆ ಇಟ್ಟುಕೊಂಡೇ ತಿರುಗುತ್ತಿದ್ದಳು.

ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಅವಳು ಮಾತಾಡುತ್ತಿದ್ದುದು ನಾಲ್ವರ ಹತ್ತಿರ: ನಾನು, ಅವಳಪ್ಪ, ಮಿಸೆಸ್ ಆಲ್ಡರ್ಟನ್ ಮತ್ತು ನಮ್ಮ ಬೆಕ್ಕು. ಮನೆಯಲ್ಲಿ ಅವಳ ಬಾಯಿಗೆ ಬೀಗವೇ ಇರಲಿಲ್ಲ, ಅವಳಪ್ಪ ಹಾಲಿನ ಲಾರಿ ನಿಲ್ಲಿಸಿ ಒಳಗೆ ಬಂದರೆ ಬೂಟು ಬಿಚ್ಚಲೂ ಬಿಡುತ್ತಿರಲಿಲ್ಲ. ಗೇಟು ದಾಟಿದ ಮೇಲೆ ಮಾತ್ರ ಮೌನ. ಐಸ್‌ಕ್ರೀಮಿನ ಗಾಡಿಯವನು, "ನಿಂಬೆನಾ, ಸ್ಟ್ರಾಬೆರಿನಾ?" ಎಂದರೆ ಎರಡಕ್ಕೂ ತಲೆ ಆಡಿಸುತ್ತಿದ್ದಳು. ಅವನು ತನಗೆ ತೋಚಿದ್ದನ್ನು ಕೊಡುತ್ತಿದ್ದ. ಸ್ಟ್ರಾಬೆರಿ ಕಂಡರಾಗದ ಹುಡುಗಿ ಒಂದಿಡೀ ಬೇಸಿಗೆ ಸ್ಟ್ರಾಬೆರಿ ತಿಂದಳು.

ಅದಕ್ಕೆ ನಾವು ನಕ್ಕೆವು. ಆದರೆ ಜುಲೈಯಲ್ಲಿ ಪಟ್ಟಣದ ದೊಡ್ಡ ಶಾಲೆಯವರು ಹೊಸ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಕರೆದಾಗ ಆದದ್ದಕ್ಕೆ ನಗು ಬರಲಿಲ್ಲ. ಹಾಜರಿ ಕೂಗಿದಾಗ ಇವಳಿಗೆ "ಇದ್ದೀನಿ" ಎನ್ನಲು ಆಗಲಿಲ್ಲ. ದಿನವೆಲ್ಲ ಎರಡನೆಯ ಬೆಂಚಿನಲ್ಲಿ ಕೂತಿದ್ದ ಹುಡುಗಿಯನ್ನು ಗೈರುಹಾಜರಿ ಎಂದು ಬರೆದು, ಮಗು ಯಾಕೆ ಬರಲಿಲ್ಲ ಎಂದು ಕೇಳಿ ನಮಗೆ ಕಾಗದ ಹಾಕಿದರು. ಹೆಟ್ಟಿ ಅದನ್ನು ಓದಿ, "ಅವರು ಹೇಳೋದು ಸರಿನೇ ಅಮ್ಮ, ನಾನು ಅಲ್ಲಿ ಇರಲೇ ಇಲ್ಲ" ಎಂದಳು. ಬಸ್ಸು ಬಂದ ಆ ಮಂಗಳವಾರಕ್ಕೆ ಶಾಲೆ ತೆರೆಯಲು ಇನ್ನು ಮೂರು ವಾರವಿತ್ತು.

ಆ ಕಾಗದ ಬಂದ ದಿನ ಬಟಾಣಿ ಸುಲಿಯುತ್ತಾ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಇನ್ನು ಮೇಲೆ ಅವಳ ಪರವಾಗಿ ನಾನು ಮಾತಾಡುವುದಿಲ್ಲ. ಅವಳು ಎಲ್ಲಿ ಬಾಯಿ ತೆರೆಯಬೇಕೋ ಅಲ್ಲಿ ಕೈಗೆ ಸಿಗುವಷ್ಟು ದೂರದಲ್ಲಿ ನಿಂತಿರುತ್ತೇನೆ. ಅಷ್ಟೇ. ಮೊದಲು ಯಾರ ಹತ್ತಿರ ಪ್ರಯತ್ನ ಮಾಡ್ತೀಯ ಎಂದು ಕೇಳಿದೆ. ಅಂಗಡಿಯವನನ್ನೋ ಪಾದ್ರಿಗಳನ್ನೋ ಹೇಳುತ್ತಾಳೆ ಅಂದುಕೊಂಡಿದ್ದೆ. "ಡಾಕ್ಟರ್ ಕ್ರೆಸ್‌ವೆಲ್ ಹತ್ರ. ಅವರಿಗೆ ಮಾತ್ರ ನನ್ನ ಪ್ರಶ್ನೆ ಅರ್ಥ ಆಗೋದು" ಎಂದಳು. ಈಜು ಕಲಿಯಲು ನೇರ ಸಮುದ್ರಕ್ಕೇ ಹೊರಟ ಹಾಗೆ.

ಪ್ರಶ್ನೆ ನನಗೆ ಗೊತ್ತಿತ್ತು. ಚರ್ಚಿನ ಬೀಗದಕೈ ನನ್ನ ಅತ್ತೆಯ ಕಾಲದಿಂದ ನಮ್ಮ ಮನೆಯಲ್ಲೇ ಇರುವುದರಿಂದ ಕಸಬರಿಗೆಯೂ ನಮ್ಮ ಪಾಲಿಗೇ ಬಂದಿದೆ. ಅಲ್ಲಿ ದೊಡ್ಡಮನೆ ಕಟ್ಟಿಸಿದ ಸರ್ ಹ್ಯೂ ಆಸ್ಕರ್‌ಬಿ ಮತ್ತು ಲೇಡಿ ಉರ್ಸುಲಾ ತಮ್ಮ ಸಮಾಧಿಯ ಮೇಲೆ ಹಾಲುಬಣ್ಣದ ನುಣುಪುಗಲ್ಲಿನಲ್ಲಿ ಕೈಮುಗಿದು ಮಲಗಿ ನಾನೂರು ವರ್ಷವಾಯಿತು. ಕೆಳಗೆ ಕಟ್ಟೆಯ ಎರಡು ಮಗ್ಗುಲಲ್ಲಿ ಅವರ ಮಕ್ಕಳು ಮೊಣಕಾಲೂರಿ ಕೂತಿದ್ದಾರೆ, ಒಬ್ಬೊಬ್ಬರೂ ನನ್ನ ಮೊಣಕೈ ಉದ್ದ. ಗಂಡುಮಕ್ಕಳು ತಂದೆಯ ಮಗ್ಗುಲಿಗೆ, ಹೆಣ್ಣುಮಕ್ಕಳು ತಾಯಿಯ ಮಗ್ಗುಲಿಗೆ. ಆ ಕಾಲದ ಪದ್ಧತಿಯೇ ಹಾಗೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಾಡುಗಾರರ ಬೆಂಚುಗಳಿಗೆ ಜಾಗ ಬೇಕೆಂದು ಸಮಾಧಿಯನ್ನು ಬಿಚ್ಚಿ, ಗೋಡೆಯ ಬದಿಗೆ ತಂದು ಮತ್ತೆ ಜೋಡಿಸಿದರು. ಅಂದಿನಿಂದ ಹುಡುಗರ ಸಾಲು ಗೋಡೆಯ ಕಡೆಗೆ ತಿರುಗಿದೆ. ನಡುವೆ ಇರುವ ಸಂದಿನಲ್ಲಿ ದೊಡ್ಡವರು ಹಿಡಿಸುವುದಿಲ್ಲ. ಮೇಲಿಂದ ಬಗ್ಗಿ ನೋಡಿದರೆ ಬರೀ ತಲೆಗಳು ಕಾಣುತ್ತವೆ. ಆರು ತಲೆ. ಈ ಕಡೆ ನಾಲ್ಕು. ಹೀಗಾಗಿ ಆರು ಗಂಡು, ನಾಲ್ಕು ಹೆಣ್ಣು ಎಂಬುದು ನಮ್ಮೂರಿನಲ್ಲಿ ಮಗ್ಗಿಯಷ್ಟೇ ಗಟ್ಟಿ. ಚರ್ಚಿನ ಬಾಗಿಲಲ್ಲಿಟ್ಟಿರುವ ಕರಪತ್ರದಲ್ಲೂ ಹಾಗೆಯೇ ಇದೆ. ಅದನ್ನು ಬರೆದವರು ಡಾಕ್ಟರ್ ಕ್ರೆಸ್‌ವೆಲ್.

ಈಸ್ಟರಿಗೆ ಮುಂಚೆ ಜೇಡರ ಬಲೆ ತೆಗೆಯಲೆಂದು ನಾನು ಹೆಟ್ಟಿಯನ್ನು ಆ ಸಂದಿಗೆ ಇಳಿಸಿದೆ. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಕೂದಲ ತುಂಬಾ ಧೂಳು ತುಂಬಿಕೊಂಡು ಹೊರಬಂದವಳು, "ಅಮ್ಮ, ನಾಲ್ಕನೇದು ಹುಡುಗ ಅಲ್ಲ" ಎಂದಳು. ಆ ಮೂರ್ತಿಯ ಮುಖ ಎಂದೋ ಒಡೆದುಹೋಗಿದೆ. ಆದರೆ ಉಳಿದ ಐವರಿಗೆ ಗಿಡ್ಡ ಮೇಲಂಗಿ, ಸೊಂಟದಲ್ಲಿ ಕತ್ತಿ. ಇದಕ್ಕೆ ಮಾತ್ರ ನೆಲಮುಟ್ಟುವ ಲಂಗ, ನಡುಪಟ್ಟಿಯಿಂದ ಇಳಿದ ಒಂದು ಸರಪಳಿ, ಅದರ ತುದಿಗೊಂದು ಪುಟಾಣಿ ಪ್ರಾರ್ಥನೆ ಪುಸ್ತಕ. ಈ ಕಡೆಯ ನಾಲ್ಕು ಹುಡುಗಿಯರಿಗೂ ಅದೇ ಸರಪಳಿ, ಅದೇ ಪುಸ್ತಕ.

ಇಷ್ಟೇ ವಿಷಯ. ಹೇಳಲು ಅರ್ಧ ನಿಮಿಷ ಸಾಕು. ನಾನೇ ಹೇಳಿಬಿಡಬಹುದಿತ್ತು. ಒಪ್ಪಂದ ಆಗಿತ್ತಲ್ಲ.

ದುಪ್ಪಟಿಯನ್ನು ಹಾಗೇ ಬುಟ್ಟಿಗೆ ತುರುಕಿ ನಾವು ದೊಡ್ಡಮನೆಗೆ ಓಡಿದೆವು. ಇಟ್ಟಿಗೆಯ ತಿರುಚು ಚಿಮಣಿಗಳ ಕೆಳಗೆ, ಅಂಗಳದಲ್ಲಿ, ಮೂವತ್ತೆರಡು ಜನ ತಲೆಯೆತ್ತಿ ನಿಂತಿದ್ದರು. ಮಿಸ್ ಗ್ರೀವ್ಸ್ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಎಂಬತ್ತೆರಡು ವರ್ಷದ ಒಂಟಿ ಜೀವ, ಜೊತೆಗೆ ಬಿಷಪ್ ಎಂಬ ಹೆಸರಿನ ಒಂದು ನಾಯಿ.

"ಬಂದ್ಯಾ ಎನಿಡ್. ಇವರಿಗೆ ಎಲ್ಲಾ ತೋರಿಸು. ನನ್ನ ಮಲಗೋ ಕೋಣೆ ಒಂದು ಬಿಟ್ಟು. ಅಲ್ಲಿರೋದೆಲ್ಲ ಈ ಮನೆ ಕಟ್ಟಿದ ಟ್ಯೂಡರ್ ರಾಜರ ಕಾಲಕ್ಕಿಂತ ಹಳೇದು, ನನ್ನನ್ನೂ ಸೇರಿಸಿ."

ಹಜಾರಕ್ಕೆ ಹೋಗಿ ಜನರ ಕಡೆ ತಿರುಗಿದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅರವತ್ತನಾಲ್ಕು ಕಣ್ಣು. ಹೆಟ್ಟಿ ಮೆಲ್ಲಗೆ ನನ್ನ ಕೈ ಹಿಡಿದಳು. ಪ್ರತಿದಿನ ಗೇಟು ದಾಟಿದರೆ ಇವಳಿಗೆ ಹೀಗೇ ಆಗುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

"ಈ... ಈ ನೆಲಕ್ಕೆ ಸೋಪಿನ ನೀರು ಹಾಕಬಾರದು" ಎಂದೆ.

ಯಾರೋ ನಕ್ಕರು. ಕೆಟ್ಟ ನಗುವಲ್ಲ. ಮತ್ತೆ ನನಗೆ ಗೊತ್ತಿದ್ದುದನ್ನೇ ಹೇಳುತ್ತಾ ಹೋದೆ. ಈ ಕಿಟಕಿಯಲ್ಲಿ ನಲವತ್ತೆಂಟು ಚೂರು ಗಾಜಿದೆ, ಹಳೇ ಪೇಪರಿನಲ್ಲಿ ಒರೆಸಿದರೇನೇ ಹೊಳೆಯೋದು. ಮಹಡಿಯ ಕೋಣೆಯಲ್ಲಿ ಒಂದು ಬಟಾಣಿ ಬಿದ್ದರೆ ಹುಡುಕಬೇಡಿ, ಮೂಡಣ ಮೂಲೆಗೆ ಹೋಗಿ ಕಾಯಿರಿ, ಅದೇ ಉರುಳಿಕೊಂಡು ಬರುತ್ತೆ. ಮೆಟ್ಟಿಲಿನ ಏಳನೇ ಹಲಗೆ ಕೂಗುತ್ತೆ, ಕಳ್ಳರಿಗೆ ಅಂತಲೇ ಹಾಗೆ ಮಾಡಿಸಿದ್ದು ಅಂತಾರೆ, ನನ್ನ ಕೇಳಿದ್ರೆ ಮರ ಕೊರೆಯೋ ಹುಳ. ಮೂವತ್ತೆರಡು ಜನವೂ ಒಬ್ಬೊಬ್ಬರಾಗಿ ಏಳನೇ ಮೆಟ್ಟಿಲನ್ನು ಕೂಗಿಸಿ ಹತ್ತಿದರು. ಒಬ್ಬ ಅಜ್ಜ ಎರಡು ಸಲ ಇಳಿದು ಹತ್ತಿದ.

ಕೊನೆಗೆ ಕೂರುವ ಕೋಣೆ. ಅಲ್ಲಿಯ ಅಗ್ಗಿಷ್ಟಿಕೆಯ ಮೇಲೆ ಗೋಡೆಯಗಲಕ್ಕೆ ಕೆತ್ತನೆಯ ಓಕ್ ಹಲಗೆಯಿದೆ. ಹನ್ನೊಂದು ವರ್ಷ ಅದಕ್ಕೆ ಜೇನುಮೇಣ ತಿಕ್ಕಿದವಳು ನಾನು. ಅದರಲ್ಲಿ ಚಿಕ್ಕ ಚಿಕ್ಕ ಗುರಾಣಿ, ಚಿಕ್ಕ ಚಿಕ್ಕ ವಜ್ರದಾಕಾರ, ಒಂದೊಂದರಲ್ಲಿ ಒಂದೊಂದು ಅಕ್ಷರ.

ಟೋಪಿ ಹಾಕಿದ್ದ ಒಬ್ಬರು, "ಇವೇನು, ಇಸ್ಪೀಟಿನ ಎಲೆ ಇದ್ದ ಹಾಗಿವೆ?" ಎಂದರು.

ನಾನು ಡಾಕ್ಟರ್ ಕ್ರೆಸ್‌ವೆಲ್ ಕಡೆ ನೋಡಿದೆ. ಅವರು ಸರಸರನೆ ಮುಂದೆ ಬಂದು, ಹಲಗೆಗೆ ಬೆನ್ನುಕೊಟ್ಟು, ಜನರಿಗೆ ಎದುರಾಗಿ ನಿಂತರು. ಧ್ವನಿ ಗಂಟೆಯ ಹಾಗೆ. "ಇದು ಸರ್ ಹ್ಯೂ ಮಕ್ಕಳ ಲೆಕ್ಕ. ಗಂಡಸು ಯುದ್ಧಕ್ಕೆ ಹೋಗ್ತಾನೆ, ಅದಕ್ಕೆ ಅವನ ಗುರುತು ಗುರಾಣಿ ಮೇಲೆ. ಹೆಂಗಸು ಹೋಗಲ್ಲ, ಅದಕ್ಕೆ ಅವಳದ್ದು ವಜ್ರದಾಕಾರದ ಮೇಲೆ. ಮನೇಲಿ ದಿನಾ ಯುದ್ಧ ಮಾಡೋರು ಯಾರು ಅನ್ನೋದು ಬೇರೆ ವಿಷಯ. ಯಾರಾದ್ರೂ ಏನಾದ್ರೂ ಕೇಳೋದಿದ್ಯಾ?"

ನನ್ನ ಪಕ್ಕದಲ್ಲಿ ಹೆಟ್ಟಿಯ ಬೆರಳು ಗಾಳಿಯಲ್ಲಿ ಆಡುತ್ತಿತ್ತು. ನಾನೂ ಅವಳ ಜೊತೆ ಎಣಿಸಿದೆ. ಗುರಾಣಿ ಐದು. ವಜ್ರ ಐದು.

ಹೆಟ್ಟಿಯ ತುಟಿ ಬಿರಿಯಿತು. ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಟೋಪಿಯವರು, "ಶೌಚಾಲಯ ಎಲ್ಲಿದೆ?" ಎಂದರು. ಎಲ್ಲರೂ ನಕ್ಕರು. ನಗುವಿನ ನಡುವೆ ಬಿಷಪ್ ಯಾರದೋ ಚೀಲದಿಂದ ಹಂದಿಮಾಂಸದ ಪೈ ಎಗರಿಸಿಕೊಂಡು ಜನರ ಕಾಲ ನಡುವೆ ನುಗ್ಗಿತು. ಬಾಗಿಲಿಂದ ಮಿಸ್ ಗ್ರೀವ್ಸ್, "ಬಿಷಪ್! ಬಿಡೋ ಅದನ್ನ! ಹೆಸರಿಗಾದ್ರೂ ಮರ್ಯಾದೆ ಕೊಡೋ!" ಎಂದು ಕೂಗುತ್ತಿದ್ದರು. ಡಾಕ್ಟರ್ ಹಲಗೆಯ ಕಡೆ ತಿರುಗದೆಯೇ ಪೈಯ ಹಿಂದೆ ಓಡಿದರು. ಹೆಟ್ಟಿಯ ತುಟಿ ಮುಚ್ಚಿಕೊಂಡಿತು.

ಚರ್ಚಿಗೆ ಹೋಗುವ ಕಾಲುದಾರಿಯಲ್ಲಿ ನಾವಿಬ್ಬರೂ ಹಿಂದೆ ಉಳಿದೆವು.

"ಐದು, ಐದು ಅಮ್ಮ."

"ನೋಡ್ದೆ."

"ಹನ್ನೊಂದು ವರ್ಷ ಒರೆಸಿದೀಯ!"

"ಒರೆಸೋರು ಎಣಿಸ್ತಾ ಕೂತ್ರೆ ಮನೆ ಒರೆಸಿ ಮುಗಿಯುತ್ತೇನೇ?"

ಅವಳು ನಗಲಿಲ್ಲ. ಸ್ವಲ್ಪ ದೂರ ನಡೆದು, "ನೀನೇ ಕೇಳಮ್ಮ. ಇದೊಂದು ಸಲ" ಎಂದಳು.

ಎಷ್ಟು ಸುಲಭವಿತ್ತು! ಅವಳ ಮೂಗಿನ ಮೇಲೆ ಬೆವರಿನ ಸಣ್ಣ ಹನಿಗಳು ನಿಂತಿದ್ದವು, ಹಾಲು ಕುಡಿಯುವ ಕೂಸಾಗಿದ್ದಾಗ ನಿಲ್ಲುತ್ತಿದ್ದ ಹಾಗೆ. ನಾನು ಅಂಗಿಯ ತೋಳಿನಿಂದಲೇ ಒರೆಸಿದೆ. "ನಾನು ಕೇಳಿದ್ರೆ ಅವರು ನಂಗೆ ಉತ್ತರ ಹೇಳ್ತಾರೆ. ಅದು ನಿನ್ನ ಪ್ರಶ್ನೆ ಕಣೇ" ಎಂದೆ.

"ಅವರು ಬರೆದಿದ್ದೇ ತಪ್ಪು ಅಂದ ಹಾಗಾಗುತ್ತೆ."

"ತಪ್ಪು ಅನ್ನಬೇಡ. ಕೇಳು."

"ಮಿಸೆಸ್ ಆಲ್ಡರ್ಟನ್‌ಗೆ ಬೇಜಾರಾಗಲ್ವಾ?"

ಅದೂ ಇತ್ತು. ಬಸ್ಸು ಬಂದ ದಿನ ಮಿಸೆಸ್ ಆಲ್ಡರ್ಟನ್ ಚರ್ಚಿನ ಮುಂದೆ ಮೇಜು ಹಾಕಿ 'ಆಸ್ಕರ್‌ಬಿ ಮಕ್ಕಳು' ಎಂಬ ಶುಂಠಿ ಬಿಸ್ಕತ್ತು ಮಾರುತ್ತಾರೆ. ಪೊಟ್ಟಣಕ್ಕೆ ಹತ್ತು, ಆರು ಗಂಡು, ನಾಲ್ಕು ಹೆಣ್ಣು. ಮೂವತ್ತು ವರ್ಷದಿಂದ ಒಂದೂ ಹೆಚ್ಚುಕಮ್ಮಿ ಆಗಿಲ್ಲ. ಒಮ್ಮೆ ಗಂಡು ಬಿಸ್ಕತ್ತು ಒಂದು ಒಲೆಯಲ್ಲಿ ಕಪ್ಪಾಯಿತೆಂದು ಇಡೀ ಪೊಟ್ಟಣವನ್ನೇ ನಮ್ಮ ಮನೆಗೆ ಕೊಟ್ಟಿದ್ದರು, ಕುಟುಂಬ ಒಡೆಯಬಾರದು ಎಂದು.

"ಹಿಟ್ಟು ಅದೇ ಇರುತ್ತೆ ಪುಟ್ಟಿ. ಒಂದಕ್ಕೆ ಅಚ್ಚು ಬದಲಾಯಿಸಿದ್ರೆ ಆಯ್ತು."

ಅವಳು ಯೋಚಿಸಿದಳು. ನನ್ನ ಕೈ ಬಿಟ್ಟು ಮುಂದೆ ಹೋದಳು.

ಚರ್ಚಿನೊಳಗೆ ಡಾಕ್ಟರ್ ಕ್ರೆಸ್‌ವೆಲ್ ಸಮಾಧಿಯ ಪಕ್ಕದಲ್ಲಿ ನಿಂತು ಜನರಿಗೆ ಎಲ್ಲವನ್ನೂ ತೋರಿಸಿದರು. ಸರ್ ಹ್ಯೂ ಕತ್ತಿನ ಸುತ್ತಲಿನ ನೆರಿಗೆಪಟ್ಟಿ, ಲೇಡಿ ಉರ್ಸುಲಾ ಅಂಗಿಯ ಅಂಚನ್ನು ಕಚ್ಚಿ ಎಳೆಯುತ್ತಿರುವ ಕಲ್ಲಿನ ನಾಯಿಮರಿ. ಅದನ್ನು ತೋರಿಸಲು ಒಳ್ಳೆಯ ಕೋಟು ಹಾಕಿಕೊಂಡೇ ನೆಲಕ್ಕೆ ಮಂಡಿಯೂರಿದರು. ಒಳ್ಳೆಯವರೆಂದು ನನಗೆ ಆಗಲೇ ಅನ್ನಿಸಿತು, ಆದರೆ ಬಹಳ ವೇಗ. ಅವರ ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ನಡುವೆ ನುಗ್ಗಲು ನಮ್ಮ ಪಾದ್ರಿಗಳಿಗೂ ಆಗುತ್ತಿರಲಿಲ್ಲ.

"ಆರು ಗಂಡು, ನಾಲ್ಕು ಹೆಣ್ಣು" ಎಂದು ಮುಗಿಸಿ, ಕಟ್ಟೆಯನ್ನು ತಟ್ಟಿ, "ಏನಾದ್ರೂ ಕೇಳೋದಿದ್ಯಾ?" ಎಂದರು.

ನಾನು ಹೆಟ್ಟಿಗಾಗಿ ಸುತ್ತ ನೋಡಿದೆ. ಪಕ್ಕದಲ್ಲಿ ಇರಲಿಲ್ಲ. ಬೆಂಚುಗಳ ಹತ್ತಿರವೂ ಇರಲಿಲ್ಲ. ಓಡಿಹೋದಳು ಎಂದುಕೊಂಡೆ. ಟೋಪಿಯವರು ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಹೊರಗೆ ಡ್ರೈವರ್ ಹಾರ್ನ್ ಒತ್ತಿದ. ಜನ ಶುಂಠಿಯ ಪರಿಮಳದ ಕಡೆಗೆ ಹೊರಟರು. "ಗಂಡುಮಕ್ಕಳನ್ನ ಮೊದಲು ತಿನ್ನಿ, ಅವರು ಬೇಗ ಮೆತ್ತಗಾಗ್ತಾರೆ!" ಎಂದು ಮಿಸೆಸ್ ಆಲ್ಡರ್ಟನ್ ಕೂಗುವುದು ಕೇಳಿಸಿತು.

ಒಳಗೆ ಡಾಕ್ಟರೂ ನಾನೂ ಉಳಿದೆವು. ಅವರು ಚೀಲ ಹೆಗಲಿಗೇರಿಸಿದರು. ಇನ್ನು ಮುಂದಿನ ವರ್ಷವೇ ಅವರು ಬರುವುದು. ನನ್ನ ಬಾಯಿಗೆ ಮಾತು ಬಂದೇಬಿಟ್ಟಿತು. "ಡಾಕ್ಟರ್, ಒಂದು ನಿಮಿಷ..." ಎಂದೆ. ಎಂದವಳೇ ನಾಲಿಗೆ ಕಚ್ಚಿಕೊಂಡೆ.

"ಹೇಳಿ?"

"ಏನಿಲ್ಲ. ನಿಮ್ಮ ಕೋಟಿಗೆ ಧೂಳಾಗಿದೆ."

ಅವರು ಕೋಟು ಕೊಡವಿಕೊಳ್ಳುವಾಗ ಕೈಯಲ್ಲಿದ್ದ ಟಾರ್ಚಿನ ಬೆಳಕು ಗೋಡೆಯ ಸಂದಿಗೆ ಬಿತ್ತು. ಒಳಗೆ ಎರಡು ಕಣ್ಣು ಮಿನುಗಿದವು.

"ಅರೆ! ಯಾರದು?"

ಹೆಟ್ಟಿ ಆ ಸಂದಿನೊಳಗೆ, ಹುಡುಗರ ಸಾಲಿನ ಎದುರು, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಎಲ್ಲರೂ ಒಳಗೆ ಬರುವ ಮೊದಲೇ ಇಳಿದಿರಬೇಕು.

ನಾನು ಎರಡು ಹೆಜ್ಜೆ ಮುಂದೆ ಹೋಗಿ ನಿಂತೆ. ಕೈಗೆ ಸಿಗುವಷ್ಟು ದೂರ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ಬೇರೆ ನೆನಪಿಲ್ಲ.

ಡಾಕ್ಟರ್ ಕ್ರೆಸ್‌ವೆಲ್ ನನ್ನನ್ನು ನೋಡಿದರು, ಸಂದಿಯನ್ನು ನೋಡಿದರು. ಹೆಸರೇನು, ಶಾಲೆ ಯಾವುದು ಎಂದು ಕೇಳಲಿಲ್ಲ, ನಾಚಿಕೆಯಾ ಎಂದೂ ಕೇಳಲಿಲ್ಲ. ಚೀಲ ಕೆಳಗಿಟ್ಟು, ಸಂದಿಯ ಬಾಯಲ್ಲಿ ನೆಲದ ಮೇಲೆ ಉದ್ದಕ್ಕೆ ಬೋರಲು ಮಲಗಿ, ಟಾರ್ಚನ್ನು ಮೆಲ್ಲಗೆ ಒಳಕ್ಕೆ ಉರುಳಿಸಿದರು.

"ನೀನು ಕೂತಿರೋ ಜಾಗ ನಾನು ಇಪ್ಪತ್ತು ವರ್ಷದಿಂದ ನೋಡಬೇಕು ಅಂತಿದೀನಿ" ಎಂದರು. ಈ ಸಲ ಧ್ವನಿ ಗಂಟೆಯಂತಿರಲಿಲ್ಲ. "ನನ್ನ ಭುಜ ಹಿಡಿಸಲ್ಲ. ಮೇಲಿಂದ ತಲೆ ಎಣಿಸಿ ಬರೆದೆ. ಅಲ್ಲಿಂದ ಏನು ಕಾಣುತ್ತೆ?"

ಹೊರಗೆ ಹಾರ್ನ್ ಮತ್ತೆ ಕೂಗಿತು. ಬಾಗಿಲಲ್ಲಿ ಯಾರೋ, "ಡಾಕ್ಟರ್, ಎಲ್ಲಾ ಹತ್ತಿ ಕೂತಿದಾರೆ!" ಎಂದರು.

"ಕಾಯ್ಲಿ. ಈ ಕಲ್ಲಿನ ಮಕ್ಕಳೆಲ್ಲ ನಾನೂರು ವರ್ಷ ಕಾದಿದಾರೆ" ಎಂದರು ಡಾಕ್ಟರ್, ನೆಲದ ಮೇಲಿಂದಲೇ, ತಲೆ ತಿರುಗಿಸದೆ.

ಆಮೇಲೆ ಅವರೂ ಸುಮ್ಮನಾದರು. ಅಷ್ಟು ವೇಗದ ಹೆಂಗಸು ಹಾಗೆ ಸುಮ್ಮನೆ ಮಲಗಿದ್ದನ್ನು ನಾನು ಮರೆಯುವುದಿಲ್ಲ. ಸಂದಿನೊಳಗೆ ಟಾರ್ಚು ಅಲುಗಾಡಿತು. ಹೆಟ್ಟಿ ಅದನ್ನು ಎತ್ತಿಕೊಂಡಿದ್ದಳು. ಬೆಳಕು ಒಂದನೆಯ ಹುಡುಗನ ಕತ್ತಿಯ ಮೇಲೆ ಹಾದು, ಎರಡನೆಯವನ ಮೇಲೆ, ಮೂರನೆಯವನ ಮೇಲೆ ಹಾದು, ನಾಲ್ಕನೆಯ ಮೂರ್ತಿಯ ಹತ್ತಿರ ನಿಂತಿತು. ಅವಳ ಬೆರಳು ಕಲ್ಲಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಹಿಡಿದು ಪುಸ್ತಕದವರೆಗೆ ಇಳಿಯಿತು. ಅವಳು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಬಿಟ್ಟದ್ದೂ ಕೇಳಿಸಿತು. ಮತ್ತೊಮ್ಮೆ ಎಳೆದುಕೊಂಡಳು.

"ಡಾಕ್ಟರ್ ಕ್ರೆಸ್‌ವೆಲ್," ಎಂದಳು ನನ್ನ ಮಗಳು, ಮನೆಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ, "ಈ ಹುಡುಗೀನ ಹುಡುಗರ ಸಾಲಲ್ಲಿ ಯಾಕೆ ಕೂರಿಸಿದಾರೆ?"